ನೆನಪು ರಾಶಿ ಇದೆ, ಮಕ್ಕಳ ಕಥೆ ಆಗುತ್ತಿಲ್ಲ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಾನು ದಾವಣಗೆರೆಯವಳು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು, ಅಮ್ಮನ ತವರು ಚಿತ್ರದುರ್ಗ. ಬಾಲ್ಯದ ನೆನಪುಗಳನ್ನು ಮಕ್ಕಳ ಪುಸ್ತಕ ಮಾಡಬೇಕೆಂದು ‘ನಮ್ಮ ಭಟ್ಟಿ’ ಅಂತ ಆರು ಪುಟ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ಓದಿದ ದೊಡ್ಡವರೆಲ್ಲ ಕಣ್ಣು ಒರೆಸಿಕೊಂಡರು. ಏಳು ವರ್ಷದ ಮಗಳು ಮಾತ್ರ ಎರಡನೇ ಪುಟಕ್ಕೆ ಎದ್ದು ಹೋದಳು. ಏನು ಸರಿ ಮಾಡಬೇಕು? ಇಂಥ ನೆನಪುಗಳನ್ನು ಇನ್ನೂ ಹೇಗೆ ಹುಡುಕಬೇಕು?

ಉತ್ತರ: ಮಗಳು ಎದ್ದು ಹೋದದ್ದು ಸರಿಯಾಗಿಯೇ ಇದೆ. ನಿಮ್ಮ ಬರಹ ಕೆಟ್ಟದ್ದಲ್ಲ, ಅದು ದೊಡ್ಡವರಿಗೆ ಬರೆದ ಒಳ್ಳೆಯ ಪ್ರಬಂಧ. ಅದನ್ನು ಹಾಗೇ ಎತ್ತಿಡಿ, ಯಾವುದಾದರೂ ಪುರವಣಿಗೆ ಕಳಿಸಿ. ಮಕ್ಕಳ ಕಥೆಯನ್ನು ಅದೇ ಭಟ್ಟಿಯಿಂದ ಬೇರೆಯಾಗಿ ತೆಗೆಯಬೇಕು.

ಮೊದಲ ಕೆಲಸ, ಕೆಂಪು ಪೆನ್ನು ಹಿಡಿದು ‘ಹೋಗುತ್ತಿದ್ದೆವು’, ‘ತಿನ್ನುತ್ತಿದ್ದೆವು’, ‘ಬೀಳುತ್ತಿತ್ತು’ ಅನ್ನುವಂಥ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಮೊದಲ ಎರಡು ಪುಟಗಳಲ್ಲೇ ಹತ್ತೊಂಬತ್ತು ಸಿಗುತ್ತವೆ. ಕನ್ನಡದಲ್ಲಿ ಇದು ನೆಪ್ಪು ತೆಗೆಯುವವರ ರೂಪ. ದಿನಾ ನಡೆದದ್ದನ್ನೆಲ್ಲ ಒಂದು ಗಂಟು ಕಟ್ಟಿ ಹೇಳುತ್ತದೆ. ‘ಬೆಳಗಿನ ಜಾವ ನಾಲ್ಕಕ್ಕೇ ಭಟ್ಟಿಗೆ ಬೆಂಕಿ ಬೀಳುತ್ತಿತ್ತು’ ಎಂದು ಶುರು ಮಾಡಿದ್ದೀರಿ. ದಿನಾ ಬೀಳುವ ಬೆಂಕಿಯಲ್ಲಿ ‘ಆಮೇಲೇನಾಯ್ತು?’ ಎಂದು ಕೇಳುವುದಕ್ಕೆ ಏನೂ ಇಲ್ಲ. ‘ಒಂದಿನ ಬೆಂಕಿ ಹತ್ತಲೇ ಇಲ್ಲ’ ಅಂದಿದ್ದರೆ ಮಗಳು ಕೂತಿರುತ್ತಿದ್ದಳು. ಮಕ್ಕಳ ಕಥೆಗೆ ಬೇಕಾದ್ದು ‘ಹೋದಳು, ಎತ್ತಿದಳು, ಬಿತ್ತು’. ನಡೆದದ್ದು ಒಂದೇ ದಿನ, ಒಂದೇ ಸಲ.

ಎರಡನೇ ಸುತ್ತಿನಲ್ಲಿ ‘ಆಗಿನ ಕಾಲದಲ್ಲಿ’, ‘ಈಗೆಲ್ಲಿದೆ ಆ ರುಚಿ’, ‘ಪಾಪ ಅಪ್ಪ’ ಅನ್ನುವ ಮಾತುಗಳನ್ನು ಹೊಡೆದುಹಾಕಿ. ಕಣ್ಣು ಒರೆಸಿಕೊಂಡವರಿಗೆ ಬೇಕಾಗಿದ್ದು ಇವೇ. ಏಳು ವರ್ಷದವಳಿಗೆ ಕಳಕೊಂಡ ಕಾಲ ಅನ್ನುವುದೇ ಇಲ್ಲ, ಅವಳಿಗಿರುವುದು ಈ ಹೊತ್ತಿನ ಹಸಿವು, ಈ ಹೊತ್ತಿನ ಜಗಳ. ನೆನಪಿಸಿಕೊಳ್ಳುತ್ತ ಕೂತ ದೊಡ್ಡ ಹೆಂಗಸು ಕಥೆಯಿಂದ ಆಚೆ ಹೋಗಬೇಕು, ಒಳಗೆ ಹುಡುಗಿ ಮಾತ್ರ ಉಳಿಯಬೇಕು. ಅನುಭವದಿಂದ ಮಕ್ಕಳ ಪುಸ್ತಕ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ನೆನಪಿನ ಮೇಲಿನ ಪ್ರೀತಿಯನ್ನೇ ಕಥೆ ಅಂದುಕೊಳ್ಳುತ್ತಾರೆ.

ಇಷ್ಟು ಹೊಡೆದ ಮೇಲೆ ನಿಮ್ಮ ಆರು ಪುಟಗಳಲ್ಲಿ ಉಳಿಯುವುದು ನಾಲ್ಕನೇ ಪುಟದ ಕೆಳಗಿನ ಎರಡು ವಾಕ್ಯ: ‘ಅಪ್ಪ ಹೊರಿಸುತ್ತಿದ್ದ ಚೀಲ ನನ್ನ ಮುಖವನ್ನೇ ಮುಚ್ಚುತ್ತಿತ್ತು, ಆದರೆ ಮಂಡಕ್ಕಿಯಾದ್ದರಿಂದ ಭಾರ ಇರುತ್ತಿರಲಿಲ್ಲ, ದಾರಿ ಮಾತ್ರ ಕಾಣುತ್ತಿರಲಿಲ್ಲ. ಒಂದಿನ ಮಿರ್ಚಿ ಗಾಡಿಗೆ ಡಿಕ್ಕಿ ಹೊಡೆದು ಚೀಲ ಚೆಲ್ಲಿ, ಮನೆಯಲ್ಲಿ ಏಟು ತಿಂದೆ.’ ನಿಮ್ಮ ಪುಸ್ತಕ ಇದು.

ಯಾಕೆಂದರೆ ಇದರಲ್ಲಿ ಮಗುವಿನ ಮೈ ಇದೆ. ಕೈ ಸಾಲದಷ್ಟು ದೊಡ್ಡದನ್ನು ತಬ್ಬಿಕೊಂಡು ನಡೆಯುವುದು ಯಾವ ಊರಿನ ಮಗುವಿಗೂ ಗೊತ್ತು. ಮಗು ಮಾಡಿ ಮುಗಿಸಬೇಕಾದ ಒಂದು ಕೆಲಸವೂ ಇದೆ, ಚೀಲ ಮನೆ ಮುಟ್ಟಬೇಕು. ಮೇಲಾಗಿ ನೋಡಿದ ಕೂಡಲೇ ನಗು ಬರುವ ಚಿತ್ರ ಇದೆ: ಒಂದು ಚೀಲ, ಕೆಳಗೆ ಎರಡು ಕಾಲು. ಮೈ, ಕೆಲಸ, ಚಿತ್ರ ಈ ಮೂರೂ ಇಲ್ಲದ ನೆನಪು ಎಷ್ಟೇ ಮುದ್ದಾಗಿದ್ದರೂ ಸದ್ಯಕ್ಕೆ ಪಕ್ಕಕ್ಕಿಡಿ.

ಈಗ ಇದನ್ನು ಪುಟಕ್ಕೆ ಹಂಚೋಣ. ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರುತ್ತವೆ. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 16, 24 ಅಥವಾ 32 ಪುಟ. ಮೊದಲ ಪುಸ್ತಕಕ್ಕೆ 16 ಸಾಕು. ಒಂದನೇ ಪುಟ ಹೆಸರಿಗೆ, ಮುದ್ರಣದ ವಿವರ ರಕ್ಷಾಪುಟದ ಒಳಬದಿಗೆ. 2-3ರಿಂದ 14-15ರವರೆಗೆ ಎದುರುಬದುರು ಪುಟಗಳ ಏಳು ಜೋಡಿ ಸಿಗುತ್ತವೆ, ಕೊನೆಗೆ 16ನೇ ಪುಟ ಒಂಟಿ. ಎರಡು ಎ4 ಹಾಳೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಮಡಚಿ, ಒಂದರೊಳಗೊಂದು ಇಟ್ಟು, ಬೆನ್ನಿಗೆ ಸ್ಟೇಪ್ಲರ್ ಹೊಡೆದು ಅಂಚು ಕತ್ತರಿಸಿದರೆ 16 ಪುಟದ ಪುಟಾಣಿ ಪುಸ್ತಕ ಆಗುತ್ತದೆ. ಬರೆಯುವುದು ಅದರಲ್ಲೇ, ಪೆನ್ಸಿಲ್‌ನಲ್ಲಿ. ಕಂಪ್ಯೂಟರಿನಲ್ಲಿ ಬರೆದರೆ ಪುಟ ತಿರುವುವ ಜಾಗ ಗೊತ್ತಾಗುವುದೇ ಇಲ್ಲ, ಚಿತ್ರಪುಸ್ತಕದ ಕುತೂಹಲ ಇರುವುದೇ ಪುಟ ತಿರುವುವಲ್ಲಿ.

ಮೊದಲ ಜೋಡಿಯಲ್ಲಿ ಹುಡುಗಿಗೆ ಗಂಗಿ ಅಂತ ಹೆಸರಿಡೋಣ.

‘ಚೀಲ ದೊಡ್ಡದು. ಗಂಗಿ ಸಣ್ಣವಳು.
ಎತ್ತಿದಳು. ಅರೆ, ಭಾರವೇ ಇಲ್ಲ!
ಆದರೆ...’

ಪುಟ ತಿರುವಿ. ಎರಡನೇ ಜೋಡಿ ಪೂರ್ತಿ ಚೀಲದ ನೇಯ್ಗೆ, ಬೇರೇನೂ ಇಲ್ಲ. ಗಂಗಿಗೆ ಕಾಣುವುದು ಅಷ್ಟೇ. ಮೂಲೆಯಲ್ಲಿ ಎರಡೇ ಪದ: ‘ದಾರಿ ಎಲ್ಲಿ?’

ಮೂರನೇ ಜೋಡಿ: ಡಿಕ್ಕಿ! ಮಲಗಿದ್ದ ನಾಯಿ. ‘ತಪ್ಪಾಯ್ತು. ತಗೋ ಒಂದು ಬೊಗಸೆ.’ ನಾಲ್ಕನೇ ಜೋಡಿ: ಡಿಕ್ಕಿ! ಮಿರ್ಚಿ ತಿಂದು ಕಣ್ಣುಮೂಗಲ್ಲಿ ನೀರು ಸುರಿಸುತ್ತಿರುವ ಮಾವ. ‘ತಪ್ಪಾಯ್ತು. ತಗೋ ಒಂದು ಬೊಗಸೆ.’ ಅವನ ಖಾರ ಇಳಿಯುತ್ತದೆ, ಚೀಲ ಒಂದು ಗೇಣು ತಗ್ಗುತ್ತದೆ. ಮಿರ್ಚಿ ಗಾಡಿಗೇ ಡಿಕ್ಕಿ ಹೊಡೆದದ್ದು ನಿಜ ಇರಬಹುದು, ಆದರೆ ಪುಸ್ತಕದಲ್ಲಿ ಬೇಡ. ಕಾದ ಎಣ್ಣೆ ಬಾಣಲೆಯ ಹತ್ತಿರ ಕಣ್ಣು ಕಾಣದ ಮಗುವನ್ನು ಬಿಟ್ಟರೆ ಓದಿ ಹೇಳುವ ತಾಯಿಯ ಎದೆ ಧಸಕ್ಕೆನ್ನುತ್ತದೆ, ನಗು ಸತ್ತುಹೋಗುತ್ತದೆ. ಗಾಡಿಯಿಂದ ನಾಲ್ಕು ಹೆಜ್ಜೆ ಈಚೆ ನಿಂತ ಗಿರಾಕಿ ಸಾಕು.

ಎರಡು ಸಲ ಒಂದೇ ಥರ ಆದ ಮೇಲೆ ಮೂರನೇ ಸಲ ಮುರಿಯಬೇಕು. ಮತ್ತೆ ಅದೇ ಆದರೆ ಮಗು ಮುಂದಿನ ಪುಟವನ್ನು ತಾನೇ ಊಹಿಸಿ ಆಚೆ ನೋಡುತ್ತದೆ. ಐದನೇ ಜೋಡಿಯಲ್ಲಿ: ‘ಡಿಕ್ಕಿ! ತಪ್ಪಾಯ್ತು. ತಗೋ ಒಂದು ಬೊಗಸೆ. ತಗೋ ಅಂದರೂ ತಗೊಳ್ಳಲಿಲ್ಲ. ಏನು ಸಿಟ್ಟೋ!’ ಚಿತ್ರದಲ್ಲಿ ಗಂಗಿ ಕೈ ಚಾಚಿ ನಿಂತಿರುವುದು ಕರೆಂಟ್ ಕಂಬದ ಮುಂದೆ. ‘ಕಂಬ’ ಎಂಬ ಪದವನ್ನು ಎಲ್ಲೂ ಬರೆಯಬೇಡಿ. ಗಂಗಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಅನ್ನುವುದೇ ಮಗುವಿಗೆ ಹಬ್ಬ. ಬರಹ ಒಂದು ಹೇಳಿ ಚಿತ್ರ ಇನ್ನೊಂದು ಹೇಳುವ ಇಂಥ ಜಾಗ ಪುಸ್ತಕದಲ್ಲಿ ಒಂದಾದರೂ ಇರಲಿ.

ಆರನೇ ಜೋಡಿಯಲ್ಲಿ ಓಣಿ ಮಕ್ಕಳು ‘ನಂಗೆ, ನಂಗೆ’ ಅಂತ ಮುತ್ತುತ್ತಾರೆ. ಬೊಗಸೆ, ಬೊಗಸೆ, ಬೊಗಸೆ. ಚೀಲ ಇಳಿದು ಗಂಗಿಯ ಕಣ್ಣು ಮೇಲೆ ಬರುತ್ತದೆ, ಎದುರಿಗೇ ಮನೆ. ಏಳನೇ ಜೋಡಿಯಲ್ಲಿ ಅಜ್ಜಿ:

‘ಚೀಲ ಅರ್ಧನೇ ಐತಲ್ಲೇ?’
‘ಇನ್ನರ್ಧ ದಾರಿ ತೋರಿಸ್ತು, ಅಜ್ಜಿ.’

16ನೇ ಪುಟದಲ್ಲಿ ಮಾತಿಲ್ಲ. ಕಂಬದ ಬುಡದಲ್ಲಿ ಒಂದು ಕೋಳಿ, ಚೆಲ್ಲಿದ ನಾಲ್ಕು ಕಾಳು.

ಏಟು ತಿಂದದ್ದು ಏನಾಯ್ತು ಅಂತ ಕೇಳಬಹುದು. ಅದನ್ನು ಬಿಟ್ಟದ್ದು ಮಕ್ಕಳಿಗೆ ಕಹಿ ಹೇಳಬಾರದೆಂದಲ್ಲ. ಏಳು ಜೋಡಿಪುಟದ ನಗೆಕಥೆಯಲ್ಲಿ ಒಂದು ಏಟು ಬಿದ್ದರೆ ಮಗುವಿಗೆ ನೆನಪುಳಿಯುವುದು ಅದೊಂದೇ. ಏಟಿನ ಕಥೆ ಬರೆಯಬೇಕೆಂದರೆ ಅದಕ್ಕೇ ಬೇರೆ ಪುಸ್ತಕ ಕೊಡಿ, ಒಂಬತ್ತು-ಹತ್ತು ವರ್ಷದವರಿಗೆ. ನಿಜ ಘಟನೆಯಿಂದ ಕೊನೆಯನ್ನು ಬದಲಿಸುವುದು ಮೋಸ ಅಲ್ಲ. ಕಾಪಾಡಬೇಕಾದ ನಿಜ ಯಾವುದೆಂದರೆ ಆ ಚೀಲದ ಹಿಂದಿನ ಕತ್ತಲು, ಕೈಗೆ ತಾಗುವ ಗರಿಗರಿ ಸದ್ದು, ಮನೆ ಮುಟ್ಟುವ ಆತುರ. ಯಾರು ಬೈದರು, ಯಾವ ವರ್ಷ, ಯಾವ ಓಣಿ ಇವೆಲ್ಲ ಬದಲಾದರೂ ಕಥೆಗೆ ನಷ್ಟವಿಲ್ಲ. ಹೊಸದಾಗಿ ಬರೆಯುವವರು ತಿರುವುಮುರುವು ಮಾಡುತ್ತಾರೆ: ವಿವರ ಎಲ್ಲ ನಿಜ ಇಟ್ಟು, ಮೈಗಾದ ಅನುಭವವನ್ನು ‘ತುಂಬಾ ಖುಷಿಯಾಯಿತು’ ಎಂದು ಮುಗಿಸುತ್ತಾರೆ.

ಇನ್ನು ಹೊಸ ನೆನಪು ಹುಡುಕುವುದು. ‘ಬಾಲ್ಯದ ಬಗ್ಗೆ ಬರೆಯೋಣ’ ಅಂತ ಕೂತರೆ ಬರುವುದು ಹಬ್ಬ, ಜಾತ್ರೆ, ಅಜ್ಜಿಯ ಕೈರುಚಿ. ಎಲ್ಲರಿಗೂ ಅದೇ ಬರುತ್ತದೆ. ಬೇರೆ ಬಾಗಿಲಿಂದ ಹೋಗಬೇಕು. ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿರುತ್ತದೆ. ಆ ಎತ್ತರಕ್ಕೆ ಬಗ್ಗಿ ನಿಮ್ಮ ಅಡುಗೆಮನೆ, ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡ್ ನೋಡಿ. ಅಂಗಡಿಯವನ ಮುಖ ಕಾಣುವುದಿಲ್ಲ, ಕಟ್ಟೆಯ ಕೆಳಗಿನ ಚೀಲಗಳು ಕಾಣುತ್ತವೆ. ಬೆಣ್ಣೆದೋಸೆ ಹೋಟೆಲಲ್ಲಿ ಕಾವಲಿ ಕಾಣುವುದಿಲ್ಲ, ಚುಂಯ್ ಸದ್ದು ಮಾತ್ರ ಮೇಲಿನಿಂದ ಬರುತ್ತದೆ. ದಿನಕ್ಕೆ ಹದಿನೈದು ನಿಮಿಷ, ಒಂದು ಜಾಗ, ಹತ್ತು ದಿನ. ಕಥೆ ಬರೆಯಬೇಡಿ, ಕಂಡದ್ದು ಕೇಳಿದ್ದು ಮಾತ್ರ ಗುರುತು ಹಾಕಿಕೊಳ್ಳಿ.

ಅದಕ್ಕಿಂತ ಹುಲುಸಾದ ಗಣಿ ಇನ್ನೊಂದು: ಚಿಕ್ಕವರಿದ್ದಾಗ ನೀವು ತಪ್ಪಾಗಿ ನಂಬಿದ್ದು. ನಿಮ್ಮ ತಾಯಿಯ ತವರಿನ ಕಡೆ ಇದಕ್ಕೆ ಬರವಿಲ್ಲ. ದುರ್ಗದ ಕೋಟೆಯಲ್ಲಿ ತುಪ್ಪದ ಕೊಳ ಅಂತಿದೆ. ದೊಡ್ಡವರು ಮೆಟ್ಟಿಲು ಹತ್ತಿ ಬತೇರಿಯಿಂದ ಊರು ನೋಡಿ ಇಳಿಯುತ್ತಾರೆ, ಮಗು ಮಾತ್ರ ‘ತುಪ್ಪ ಎಲ್ಲಿ?’ ಅಂತ ಹುಡುಕುತ್ತಿರುತ್ತದೆ, ರೊಟ್ಟಿ ಬೇರೆ ಕಟ್ಟಿಕೊಂಡು ಬಂದಿರುತ್ತದೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿದ ಮಗು ‘ಗುಡ್ಡಕ್ಕೆ ಸೆಕೆ ಆಗ್ತದಾ? ಫ್ಯಾನ್ ಹಾಕಿದ್ದು ಯಾರು?’ ಅನ್ನುತ್ತದೆ. ಫ್ಯಾನು ಗಾಳಿ ಕೊಡುತ್ತದೆಯೋ, ಗಾಳಿ ಫ್ಯಾನು ತಿರುಗಿಸುತ್ತದೆಯೋ ಎಂಬುದು ಆ ಮಗುವಿಗೆ ನಿಜವಾದ ಪ್ರಶ್ನೆ. ತಪ್ಪು ನಂಬಿಕೆ ಯಾಕೆ ಒಳ್ಳೆಯ ಬೀಜ ಅಂದರೆ, ಅದರಲ್ಲಿ ಮಗು ಏನೋ ಹುಡುಕುತ್ತಿರುತ್ತದೆ, ಕೊನೆಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಬರೆಯುವಾಗ ಆ ನಂಬಿಕೆಯನ್ನು ನೋಡಿ ನಗಬೇಡಿ. ಕಥೆ ಅದನ್ನು ಪೂರ್ತಿ ನಂಬಬೇಕು.

ಒನಕೆ ಓಬವ್ವನ ಕಥೆ ಬರೆಯಬೇಕೆಂಬ ಆಸೆ ಎಲ್ಲ ದುರ್ಗದವರಿಗೂ ಇರುತ್ತದೆ. ಪಾಠದಲ್ಲಿ, ನಾಟಕದಲ್ಲಿ, ಛದ್ಮವೇಷದಲ್ಲಿ ಮಕ್ಕಳು ಅದನ್ನು ಕಂಡು ಮುಗಿಸಿದ್ದಾರೆ. ಬರೆಯಲೇಬೇಕೆಂದರೆ ಇವತ್ತಿನ ಮಗುವನ್ನು ಆ ಕಿಂಡಿಯ ಹತ್ತಿರ ಕರೆದೊಯ್ಯಿರಿ. ಬೆನ್ನಿಗೆ ಸ್ಕೂಲ್ ಬ್ಯಾಗು, ಹಿಂದೆ ಸಾಲುಗಟ್ಟಿದ ಪ್ರವಾಸದ ಮಕ್ಕಳು, ಬ್ಯಾಗು ಕಲ್ಲಿಗೆ ಸಿಕ್ಕಿಕೊಂಡಿದೆ. ಆ ಸಂದು ಎಷ್ಟು ಇಕ್ಕಟ್ಟು ಅನ್ನುವುದು ಆಗ ಮೈಗೆ ಗೊತ್ತಾಗುತ್ತದೆ, ಓಬವ್ವನೂ ತಾನಾಗಿ ನೆನಪಾಗುತ್ತಾಳೆ.

ನೆನಪು ನಿಮ್ಮದೇ ಆಗಬೇಕೆಂದೂ ಇಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ‘ಮಾರಿಕಣಿವೆ ಕೋಡಿ ಬಿದ್ದದ್ದು ನಾನು ನೋಡಿಲ್ಲ’ ಅನ್ನುತ್ತಲೇ ಮುದುಕರಾದವರ ಮೊಮ್ಮಕ್ಕಳು ಅದನ್ನು ನೋಡಿಬಂದರು. ಅಜ್ಜನಿಗೆ ಗೊತ್ತಿಲ್ಲದ್ದನ್ನು ಮೊಮ್ಮಗು ಹೇಳುವ ಕಥೆ ಅಲ್ಲಿದೆ. ಅಂಥ ಮಗುವನ್ನು ಕೂರಿಸಿಕೊಂಡು ‘ಹೇಗಿತ್ತು?’ ಅನ್ನಬೇಡಿ, ‘ಚೆನ್ನಾಗಿತ್ತು’ ಅಂದು ಓಡುತ್ತದೆ. ‘ಚಪ್ಪಲಿ ಎಲ್ಲಿ ಬಿಟ್ಟಿದ್ದೆ? ಯಾರ ಕೈ ಹಿಡಿದಿದ್ದೆ? ಸದ್ದು ಎಲ್ಲಿಂದ ಕೇಳಿಸಲಿಕ್ಕೆ ಶುರುವಾಯ್ತು?’ ಅನ್ನಿ.

ಭಾಷೆಯ ವಿಚಾರ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ಮಕ್ಕಳ ಕಥೆಗಳನ್ನು ನಾಲ್ಕು ಹಂತ ಮಾಡಿದೆ: ಮೊದಲನೆಯದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ಆಮೇಲಿನದು ನಾಲ್ಕನೇ ಹಂತ. ಕನ್ನಡದಲ್ಲಿ ಪದ ಎಣಿಸಿ ನಂಬಬೇಡಿ. ‘ಹೋಗಬೇಕಾಗಿತ್ತಲ್ಲವೇನೋ’ ಅನ್ನುವುದೂ ಲೆಕ್ಕಕ್ಕೆ ಒಂದೇ ಪದ. ಮೊದಲ ಹಂತಕ್ಕೆ ವಾಕ್ಯಕ್ಕೆ ನಾಲ್ಕೈದು ಪದ, ಒಂದು ಪದಕ್ಕೆ ನಾಲ್ಕೈದು ಅಕ್ಷರ ಮೀರದಂತೆ ನೋಡಿ. ನಮ್ಮ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಇಂದ. ಅರಸ, ಅಗಸ, ಸರ, ಗರಗಸ ಮೊದಲು ಓದುತ್ತಾರೆ, ಒತ್ತಕ್ಷರ ತಡವಾಗಿ ಬರುತ್ತದೆ. ಹಾಗಂತ ‘ಮಂಡಕ್ಕಿ’ಯಲ್ಲಿ ಒತ್ತಿದೆ ಅಂತ ತೆಗೆಯಬೇಕಿಲ್ಲ. ಬಾಯಲ್ಲಿ ದಿನಾ ಆಡುವ ಪದವನ್ನು ಮಗು ಅರ್ಧ ಓದಿ ಅರ್ಧ ಊಹಿಸುತ್ತದೆ. ತೆಗೆಯಬೇಕಾದ್ದು ‘ತದನಂತರ’, ‘ಅತ್ಯಂತ’, ‘ಸಂತೋಷಭರಿತಳಾಗಿ’.

ಆಡುಮಾತು ಬಳಸಬಹುದೇ? ಸಂಭಾಷಣೆಯಲ್ಲಿ ಧಾರಾಳವಾಗಿ. ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಅಜ್ಜಿ ‘ಐತಿ’, ‘ಹೋತು’ ಅನ್ನಲಿ. ಒಂದು ಪುಟದಲ್ಲಿ ‘ಐತಿ’ ಅಂದವಳು ಮುಂದಿನ ಪುಟದಲ್ಲಿ ‘ಇದೆಯಷ್ಟೇ’ ಅಂದರೆ ಮಕ್ಕಳಿಗೂ ಗೊತ್ತಾಗುತ್ತದೆ.

ಚಿತ್ರ ನೀವು ಬರೆಯಬೇಕಿಲ್ಲ, ಸಾಮಾನ್ಯವಾಗಿ ಕಲಾವಿದರನ್ನು ಪ್ರಕಾಶಕರೇ ಗೊತ್ತು ಮಾಡುತ್ತಾರೆ. ಆದರೆ ಹತ್ತಿಪ್ಪತ್ತು ಫೋಟೊ ತೆಗೆದಿಡಿ: ಭಟ್ಟಿಯ ಒಲೆ, ಕಾದ ಮರಳು, ಮರಳು ಕೆಳಗೆ ಬಿದ್ದು ಮಂಡಕ್ಕಿ ಮೇಲುಳಿಯುವ ಜರಡಿ, ಅಳೆಯುವ ಸೇರು, ಕಟ್ಟುವ ಚೀಲ. ಭಟ್ಟಿ ನೋಡದ ಕಲಾವಿದರು ಮಂಡಕ್ಕಿಯನ್ನು ಪಾಪ್‌ಕಾರ್ನ್ ಥರ ಬರೆದುಬಿಡುತ್ತಾರೆ, ದುರ್ಗದ ಸೀಮೆಯ ಮಣ್ಣಿನ ಮಾಳಿಗೆ ಮನೆಗೆ ಮಲೆನಾಡಿನ ಇಳಿಜಾರು ಹೆಂಚು ಹೊದಿಸುತ್ತಾರೆ. ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಚೌಕದ ಬಿಸಿಲು ಅವರಿಗೆ ಹೇಳದೆ ಗೊತ್ತಾಗುವುದಿಲ್ಲ.

ಬದುಕಿರುವವರ ಬಗ್ಗೆ ಒಂದು ಎಚ್ಚರ. ಹೆಸರು ಬದಲಿಸಿದರೆ ಸಾಲದು, ಓಣಿಯವರು ಗುರುತಿಸುವ ಕುಂಟು, ಉಗ್ಗು, ಕುಡಿತ ಇವನ್ನೂ ಬದಲಿಸಿ. ಅಪ್ಪನ ಕೆಲಸ ಕಥೆಯಲ್ಲಿ ಬರುವಾಗ ಅನುಕಂಪಕ್ಕೆ ಬಳಸಬೇಡಿ. ಮಗುವಿನ ಕಣ್ಣಿಗೆ ಅವರು ಮರಳಲ್ಲಿ ಅಕ್ಕಿ ಅರಳಿಸುವ ಜಾದೂಗಾರ.

ಕಳಿಸುವ ವಿಚಾರ ಬೇಗ ಹೇಳಿಬಿಡುತ್ತೇನೆ. ಹಸ್ತಪ್ರತಿ ಯೂನಿಕೋಡ್‌ನಲ್ಲಿರಲಿ, ಜೋಡಿಪುಟದ ಸಂಖ್ಯೆ, ವಯಸ್ಸು ನಮೂದಿಸಿ. ಕಂಬದಂಥ ಜಾಗದಲ್ಲಿ ಮಾತ್ರ ಚಿತ್ರದ ಸೂಚನೆ ಕೊಡಿ. ಸ್ಟೋರಿವೀವರ್‌ನಲ್ಲಿ ನೀವೇ ಹಾಕಬಹುದು, ಆದರೆ ಅಲ್ಲಿ ಮುಕ್ತ ಪರವಾನಗಿ: ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿ ಮಾರಲೂಬಹುದು, ಕೊಟ್ಟ ಅನುಮತಿ ವಾಪಸ್ಸು ತಗೊಳ್ಳಲಾಗದು. ಖಾಸಗಿ ಪ್ರಕಾಶಕರಿಗೆ ಹಕ್ಕು ಬರೆದುಕೊಡುವುದಾದರೆ ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಅಂತ ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅವಧಿ ಬರೆಯದಿದ್ದರೆ 5 ವರ್ಷ ಅಂತಲೂ ಪ್ರದೇಶ ಬರೆಯದಿದ್ದರೆ ಭಾರತ ಅಂತಲೂ ಲೆಕ್ಕ. ಸ್ವಂತಕ್ಕೆ ಅಚ್ಚು ಹಾಕಿಸಿದರೂ ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್‌ಗೆ ಸರ್ಕಾರಕ್ಕೆ ಶುಲ್ಕ ಕಟ್ಟಬೇಕಿಲ್ಲ.

ಇಷ್ಟಕ್ಕೂ ಮುಂಚೆ ಓದಿ ಪರೀಕ್ಷೆ ಮಾಡಿ. ಮಗಳಿಗೆ ಬೇಡ, ಅವಳು ನಿಮ್ಮ ಮುಖ ನೋಡಿ ನಗುತ್ತಾಳೆ. ಪಕ್ಕದ ಅಂಗನವಾಡಿಯಲ್ಲೋ ಶಾಲೆಯಲ್ಲೋ ಟೀಚರನ್ನು ಕೇಳಿ ಐದಾರು ಮಕ್ಕಳನ್ನು ಕೂರಿಸಿ, ಚಿತ್ರ ತೋರಿಸದೆ ಒಂದೇ ಸಲ ಓದಿ. ಕಂಬದ ಪುಟಕ್ಕೆ ಮಾತ್ರ ಪೆನ್ಸಿಲ್ ಚಿತ್ರ ತೋರಿಸಿ, ಇಲ್ಲದಿದ್ದರೆ ಅದು ಅರ್ಥವಾಗುವುದಿಲ್ಲ. ಐದು ನಿಮಿಷ ಮೀರಿದರೆ ಉದ್ದವಾಗಿದೆ. ಮಗು ಕಿಟಕಿ ಕಡೆ ನೋಡಿದ ಸಾಲಿಗೆ ಪಕ್ಕದಲ್ಲಿ ಚುಕ್ಕೆ ಇಡಿ. ‘ಇಷ್ಟ ಆಯ್ತಾ?’ ಕೇಳಬೇಡಿ. ಮಾರನೇ ದಿನ ಹೋಗಿ ‘ನಿನ್ನೆ ಕಥೆ ನೀವೇ ಹೇಳ್ರಿ’ ಅನ್ನಿ. ಅವರು ಬಿಟ್ಟದ್ದನ್ನು ನೀವೂ ಬಿಡಿ, ಅವರು ಸೇರಿಸಿದ್ದು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ನಾಚದೆ ಇಟ್ಟುಕೊಳ್ಳಿ. ಮೂರನೇ ದಿನ ಯಾವುದಾದರೂ ಮಗು ಶಾಲೆಯ ಕಂಬಕ್ಕೆ ಬೇಕಂತಲೇ ಡಿಕ್ಕಿ ಹೊಡೆದು ‘ತಪ್ಪಾಯ್ತು, ತಗೋ ಒಂದು ಬೊಗಸೆ’ ಅಂದರೆ ಹಸ್ತಪ್ರತಿ ಅಂಚೆಗೆ ಹಾಕಬಹುದು.